ಉಲ್ಟಾ ಅಕ್ಷರ ಹಿಡಿದು ಭದ್ರಾವತಿಗೆ

ಸಂಕ್ರಾಂತಿಗೆ ಊರಿಗೆ ಹೋದವಳು ಎರಡು ದಿನ ಎಳ್ಳು-ಬೆಲ್ಲ ತಿಂದು, ಮಧ್ಯಾಹ್ನ ಒಳ್ಳೆ ನಿದ್ದೆ ಹೊಡೆದು, ವಾಪಸ್ ಬೆಂಗಳೂರು ಬಸ್ ಹತ್ತೋಣ ಅಂದುಕೊಂಡಿದ್ದೆ. ಹಬ್ಬದ ದಿನ ಮಧ್ಯಾಹ್ನವೇ ಭದ್ರಾವತಿಯಿಂದ ಚಿಕ್ಕಮ್ಮನ ಫೋನು. "ನೀನು ಕಂಪ್ಯೂಟರ್ ಓದಿದೋಳಲ್ವೇನೆ, ನಿನ್ ತಮ್ಮಂಗೆ ಒಂದು ಸಹಾಯ ಮಾಡು ಮಾರಾಯ್ತಿ. ಇವ್ನು ತೆಗೆದ ಫೋಟೋ ಎಲ್ಲಾ ಸುಳ್ಳು ಅಂತ ಕೆಲಸದಿಂದ ತೆಗೀತಾರಂತೆ."

ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದಿದವರು ಮಿಕ್ಸಿ ರಿಪೇರಿಯಿಂದ ಹಿಡಿದು ಆಧಾರ್ ಜೋಡಣೆಯವರೆಗೆ ಎಲ್ಲ ಮಾಡಬೇಕು. ಆದರೆ ಫೋಟೋ ನಿಜವೋ ಸುಳ್ಳೋ ಅಂತ ಹೇಳುವ ಕೆಲಸ ಬಂದದ್ದು ಇದೇ ಮೊದಲು.

ತಮ್ಮ, ಅಂದರೆ ಚಿಕ್ಕಮ್ಮನ ಮಗ, ಒಂದು ಏಜೆನ್ಸಿಯಲ್ಲಿ ಕೆಲಸ ಮಾಡುತ್ತಾನೆ. ಬಿಸ್ಕತ್ತು, ಸೋಪು, ಟೀಪುಡಿಗೆ ಅಂಗಡಿ ಅಂಗಡಿ ಸುತ್ತಿ ಆರ್ಡರ್ ತೆಗೆದುಕೊಳ್ಳುವುದು. ಶಿವಮೊಗ್ಗದ ಸ್ವಲ್ಪ ಭಾಗ, ಭದ್ರಾವತಿಯ ಸ್ವಲ್ಪ ಭಾಗ ಅವನ ಲೈನು. ಹೋದ ಅಂಗಡಿಯ ಬೋರ್ಡ್ ಕಾಣುವ ಹಾಗೆ ಸೆಲ್ಫಿ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಅದೇ ಹಾಜರಿ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಜನವರಿಯಲ್ಲಿ ಹೊಸ ಸೂಪರ್‌ವೈಸರ್ ಬಂದರು. ಅವರು ಇವನ ಒಂದು ವಾರದ ಹನ್ನೆರಡು ಫೋಟೋ ನೋಡಿ, ಹನ್ನೊಂದರಲ್ಲಿ ಬೋರ್ಡಿನ ಅಕ್ಷರ ಉಲ್ಟಾ ಇದೆ, ಇದು ಎಡಿಟ್ ಮಾಡಿದ್ದು ಎಂದು ನಾಲ್ಕು ದಿನದ ಸಂಬಳ ಹಿಡಿದಿಟ್ಟರು. ಸೋಮವಾರದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಬರುವುದು ಬೇಡ ಅಂದರು.

ಸಂಜೆ ತಮ್ಮ ಬೈಕ್ ಹತ್ತಿ ದುರ್ಗಿಗುಡಿಯ ನಮ್ಮ ಮನೆಗೇ ಬಂದ. ಮುಖ ಬಾಡಿತ್ತು. "ಅಕ್ಕಾ, ನಾನು ಎಡಿಟ್ ಮಾಡಿಲ್ಲ. ಫೋನ್ ಹಂಗೇ ತೆಗೆಯೋದು" ಅಂದ. ವಾಟ್ಸಾಪಿನಲ್ಲಿ ಹೋದ ಪ್ರತಿ ಬೇಡ, ಫೋನಿನಲ್ಲಿರುವ ಮೂಲ ಫೋಟೋಗಳನ್ನೇ ತೋರಿಸು ಅಂದೆ. ವಾಟ್ಸಾಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಯಾವ ಕ್ಯಾಮೆರಾ, ಯಾವ ಸಮಯ, ಚಿತ್ರವನ್ನು ಯಾವ ದಿಕ್ಕಿಗೆ ತಿರುಗಿಸಿ ತೋರಿಸಬೇಕು ಅಂತ ಕಡತದೊಳಗೆ ಬರೆದಿರುವ ಟಿಪ್ಪಣಿಯೂ ಅದರಲ್ಲಿ ಉಳಿಯುವುದಿಲ್ಲ.

ಮುಂದಿನ ಕ್ಯಾಮೆರಾ ತೆರೆದಾಗ ಪರದೆ ಕನ್ನಡಿಯ ಹಾಗೆ ತೋರಿಸುತ್ತದೆ. ಹುಟ್ಟಿದಾಗಿನಿಂದ ನಮ್ಮ ಮುಖವನ್ನು ನಾವು ಕನ್ನಡಿಯಲ್ಲೇ ನೋಡಿದ್ದೇವಲ್ಲ, ಹಾಗಿಲ್ಲದಿದ್ದರೆ ತಲೆ ಬಾಚಲೂ ತಡವರಿಸುತ್ತೇವೆ. ಆದರೆ ಗುಂಡಿ ಒತ್ತಿದ ಮೇಲೆ ಅದನ್ನು ನೆಟ್ಟಗೆ ಮಾಡಿ ಉಳಿಸಬೇಕೋ, ಕಂಡ ಹಾಗೇ ಉಳಿಸಬೇಕೋ ಅನ್ನುವುದು ಫೋನಿನಿಂದ ಫೋನಿಗೆ ಬೇರೆ. ಐಫೋನಿನಲ್ಲಿ 'ಮಿರರ್ ಫ್ರಂಟ್ ಕ್ಯಾಮೆರಾ' ಅಂತ ಒಂದು ಆಯ್ಕೆ ಇದೆ, ಸ್ಯಾಮ್‌ಸಂಗ್‌ನಲ್ಲಿ 'ಸೇವ್ ಸೆಲ್ಫೀಸ್ ಆ್ಯಸ್ ಪ್ರಿವ್ಯೂಡ್'. ತಮ್ಮನ ಫೋನಿನಲ್ಲೂ ಅಂಥದೇ ಒಂದು ಆಯ್ಕೆ ಚಾಲೂ ಇತ್ತು. ಕಂಡ ಹಾಗೇ ಉಳಿಸು ಅಂತ.

ಇಷ್ಟೇನಾ, ಎರಡು ಸಾಲು ಬರೆದರೆ ಮುಗೀತು ಅಂದುಕೊಂಡೆ. ಆದರೆ ಸೂಪರ್‌ವೈಸರ್ ಸುಮ್ಮನೆ ಹೇಳಿರಲಿಲ್ಲ, ಎರಡು ಪಾಯಿಂಟ್ ಹಾಕಿದ್ದರು. ಒಂದು, ಬೋರ್ಡ್ ಉಲ್ಟಾ ಇದೆ, ಆದರೆ ಮೂಲೆಯಲ್ಲಿರುವ ತಾರೀಖು ನೆಟ್ಟಗಿದೆ. ಇಡೀ ಫೋಟೋ ಕನ್ನಡಿಯಾದರೆ ತಾರೀಖೂ ತಿರುಗಬೇಕಲ್ಲ? ಇನ್ನೊಂದು, ಭದ್ರಾವತಿಯ ಒಂದು ಬೇಕರಿಯ ಫೋಟೋದಲ್ಲಿ ಕೆಲವು ಅಕ್ಷರ ಉಲ್ಟಾ, ಕೆಲವು ನೆಟ್ಟಗೆ. ಇದಕ್ಕಿಂತ ಸಾಕ್ಷಿ ಬೇಕಾ?

ನಿಜ ಹೇಳಬೇಕೆಂದರೆ ಎರಡನೆಯದನ್ನು ಓದಿದಾಗ ನನಗೂ ಅನುಮಾನ ಬಂತು.

ಕತ್ತಲಾಗುವುದರೊಳಗೆ ಗಾಂಧಿ ಬಜಾರಿಗೆ ಹೋದೆವು. ಹಬ್ಬದ ಸಂಜೆ, ಕಾಲಿಡಲು ಜಾಗವಿಲ್ಲ. ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು, ಹೂವಿನ ಬುಟ್ಟಿಗಳ ನಡುವೆ ಒಂದು ದಿನಸಿ ಅಂಗಡಿಯ ಮುಂದೆ ತಮ್ಮನನ್ನು ಅವನ ಫೋಟೋದಲ್ಲಿ ಇದ್ದ ಹಾಗೇ ನಿಲ್ಲಿಸಿದೆ. ಮೊದಲು ನನ್ನ ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಒಂದು, ಆಮೇಲೆ ಅವನ ಫೋನಿನಲ್ಲಿ ಆ ಆಯ್ಕೆ ಇಟ್ಟು ಒಂದು, ತೆಗೆದು ಒಂದು. ಮೂರನ್ನೂ ಅವನು ವಾರದ ಹಿಂದೆ ಕಳಿಸಿದ್ದರ ಪಕ್ಕ ಇಟ್ಟು ನೋಡಿದೆವು.

ದಿನಸಿ ಅಂಗಡಿಯ ಬಲಕ್ಕೆ ಪಾತ್ರೆ ಅಂಗಡಿ. ಅವನ ಫೋಟೋದಲ್ಲಿ ಪಾತ್ರೆ ಅಂಗಡಿ ಎಡಕ್ಕೆ ಹೋಗಿದೆ. ಅವನ ಅಂಗಿಯ ಜೇಬು ಎಡ ಎದೆಯ ಮೇಲಿರುವುದು, ಫೋಟೋದಲ್ಲಿ ಬಲಕ್ಕೆ. ವಾಚು ಬಲಗೈಗೆ ಬಂದಿದೆ. ಪಕ್ಕದಲ್ಲಿ ನಿಲ್ಲಿಸಿದ್ದ ಬೈಕಿನ ಸೈಲೆನ್ಸರ್ ಎಡಗಡೆ. ಹಿಂದೆ ಯಾರೋ ಒಬ್ಬ ಅಮ್ಮ ಸೊಪ್ಪಿನ ಚೀಲ ಹಿಡಿದು ಹೋಗುತ್ತಿದ್ದಾರೆ, ಅವರ ಸೆರಗು ಬಲ ಹೆಗಲ ಮೇಲೆ! ಗುಜರಾತಿನ ಕಡೆಯವರು ಬಲಕ್ಕೆ ಹಾಕುತ್ತಾರೆ ಸರಿ, ಆದರೆ ಅವರು ಸೆರಗನ್ನು ಮುಂದಕ್ಕೆ ಇಳಿಬಿಡುತ್ತಾರೆ. ಇದು ನಮ್ಮ ಕಡೆಯ ಹಾಗೆ ಹಿಂದಕ್ಕೆ ಬಿದ್ದ ಸೆರಗು. ಬೋರ್ಡ್ ಒಂದನ್ನು ಮಾತ್ರ ತಂದು ಅಂಟಿಸುವವನು ದಾರಿಯಲ್ಲಿ ಹೋಗುವವರ ಸೆರಗನ್ನೂ ತಿರುಗಿಸುತ್ತಾ ಕೂರುವುದಿಲ್ಲ. ಎಲ್ಲವೂ ಒಟ್ಟಿಗೆ ತಿರುಗಿದೆ ಅಂದರೆ ಅದು ಕನ್ನಡಿ.

ತಾರೀಖಿನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಈಗ ತೆಗೆದ ಫೋಟೋದಲ್ಲೂ ಬೋರ್ಡ್ ಉಲ್ಟಾ, ತಾರೀಖು ನೆಟ್ಟಗೆ. ತಾರೀಖು ಲೆನ್ಸಿನ ಮೂಲಕ ಬಂದದ್ದಲ್ಲ, ಚಿತ್ರ ತಿರುಗಿದ ಮೇಲೆ ಫೋನಿನ ತಂತ್ರಾಂಶ ಅದರ ಮೇಲೆ ಒತ್ತಿದ ಮೊಹರು. ಅದು ಉಲ್ಟಾ ಆಗಿದ್ದರೇ ಅನುಮಾನ ಪಡಬೇಕಿತ್ತು.

ರಾತ್ರಿ ಊಟದ ಮೇಲೆ ಅಜ್ಜನಿಗೆ ತೋರಿಸಿದೆವು. ಅಜ್ಜ, ಅಂದರೆ ನನಗೂ ತಮ್ಮನಿಗೂ ತಾಯಿಯ ತಂದೆ, ನಮ್ಮ ಮನೆಯಲ್ಲೇ ಇರುವುದು. ಎಂಬತ್ತು ದಾಟಿದೆ. ಆಫ್‌ಸೆಟ್ ಬರುವ ಮುಂಚೆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇದ್ದರೇ ಕಾಗದದ ಮೇಲೆ ನೆಟ್ಟಗೆ ಬೀಳುವುದು. ಹಾಗಾಗಿ ಅವರಿಗೆ ಉಲ್ಟಾ ಓದುವುದು ನಮಗೆ ನೆಟ್ಟಗೆ ಓದಿದಷ್ಟೇ ಸಲೀಸು. ಬೋರ್ಡುಗಳನ್ನೆಲ್ಲ ಪಟಪಟ ಓದಿದರು, ನಾನು ಹಿಗ್ಗಿಸಿ ಹಿಗ್ಗಿಸಿ ಒದ್ದಾಡಿದ್ದನ್ನೂ.

"ಇಂಗ್ಲಿಷ್ ಉಲ್ಟಾ ಆದ್ರೆ ಎಲ್ರಿಗೂ ಗೊತ್ತಾಗ್ತದೆ, ಕನ್ನಡದ್ದು ಒಂದು ಕ್ಷಣ ಮೋಸ ಮಾಡ್ತದೆ" ಅಂದರು ಅಜ್ಜ. ನಮ್ಮ ಅಕ್ಷರ ಗುಂಡಗಿನದು. ಠ, ಸೊನ್ನೆ ಇವು ತಿರುಗಿದರೂ ಹೆಚ್ಚು ಕಡಿಮೆ ಹಾಗೇ ಕಾಣುತ್ತವೆ. ತಲೆಕಟ್ಟು ನೋಡಬೇಕಂತೆ, ಅದರ ಕೊಂಡಿ ಬಲಕ್ಕೆ ಏಳಬೇಕು. ಒತ್ತಕ್ಷರ ನೋಡಬೇಕು. ಶಿವಮೊಗ್ಗ ಅಂತ ಬರೆದಾಗ ಗ ಒತ್ತು ಬಲಕ್ಕೆ ಸರಿದು ಕೆಳಗೆ ಕೂರುತ್ತದೆ, ತಿರುಗಿದರೆ ಎಡಕ್ಕೆ ನೇತಾಡುತ್ತದೆ. ನಾನು ಹತ್ತು ವರ್ಷದಿಂದ ಪರದೆಯ ಮೇಲೆ ಅಕ್ಷರ ನೋಡುತ್ತಿದ್ದೇನೆ, ಇದನ್ನು ಯಾವತ್ತೂ ಗಮನಿಸಿರಲಿಲ್ಲ.

ನಾನೂ ಸುಮ್ಮನಿರಲಾರದೆ ಬಿಲ್ಲಿ ದ ಕಿಡ್ ಕಥೆ ಹೇಳಿದೆ. ಅಮೆರಿಕದ ಆ ಬಂದೂಕುಗಾರನ ಪ್ರಸಿದ್ಧ ಫೋಟೋ 1880ರ ಸುಮಾರಿನದು, ತಗಡಿನ ಮೇಲೆ ತೆಗೆದದ್ದು. ಅಂಥ ಫೋಟೋಗಳು ಕನ್ನಡಿಯ ಹಾಗೇ ಮೂಡುತ್ತಿದ್ದವು. ಪಿಸ್ತೂಲು ಎಡ ಸೊಂಟದಲ್ಲಿ ಕಂಡಿದ್ದರಿಂದ ಅವನು ಎಡಚ ಅಂತಲೇ ಜನ ನಂಬಿದರು. 1958ರಲ್ಲಿ ಅವನ ಮೇಲೆ ಬಂದ ಸಿನಿಮಾದ ಹೆಸರೇ 'ದ ಲೆಫ್ಟ್ ಹ್ಯಾಂಡೆಡ್ ಗನ್'. ಗುಟ್ಟು ಬಿಟ್ಟುಕೊಟ್ಟದ್ದು ಅವನ ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕು. ಅದಕ್ಕೆ ಗುಂಡು ತುಂಬುವ ಕಿಂಡಿ ಇರುವುದು ಬಲಗಡೆ, ಫೋಟೋದಲ್ಲಿ ಎಡಗಡೆ ಇತ್ತು.

ಅಜ್ಜನಿಗೆ ಬಿಲ್ಲಿಯ ಮೇಲೆ ಅಷ್ಟೇನೂ ಆಸಕ್ತಿ ಹುಟ್ಟಲಿಲ್ಲ. ಹನ್ನೆರಡನೆಯ ಫೋಟೋ ಹಿಡಿದುಕೊಂಡು ಕೂತಿದ್ದರು. ಅದೊಂದರಲ್ಲಿ ಮಾತ್ರ ಬೋರ್ಡ್ ನೆಟ್ಟಗಿತ್ತು. ಸೂಪರ್‌ವೈಸರ್ ಅದರ ತಂಟೆಗೇ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ.

"ಇದು ಎಂಥದು ಪುಟ್ಟಿ, ಪಕ್ಕದ ಮನೇಲಿ ನೇತಾಡ್ತಿರೋದು? ಆಕಾಶಬುಟ್ಟಿ ಅಲ್ವಾ? ಈಗ ಯಾರು ಕಟ್ತಾರೆ?"

"ದೀಪಾವಳಿಗೆ ಕಟ್ಟಿದ್ದನ್ನ ಕೆಲವ್ರು ಬಿಚ್ಚೋದೇ ಇಲ್ಲ ಅಜ್ಜ" ಅಂದೆ. ತಮ್ಮ ಅಷ್ಟು ಹೊತ್ತಿಗೆ ನೀರು ಕುಡಿಯಲು ಒಳಗೆ ಹೋಗಿದ್ದ.

ಮರುದಿನ ಬೆಳಿಗ್ಗೆ ಬೇಗ ಅವನ ಬೈಕಿನಲ್ಲೇ ಹೊರಟೆವು. ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರ್ ಹತ್ತಿರ. ಚಿಕ್ಕಂದಿನಲ್ಲಿ ಚಿಕ್ಕಮ್ಮನ ಮನೆಗೆ ಅಂತ ಎಷ್ಟು ಸಲ ಓಡಾಡಿದ ದಾರಿಯೋ. ತುಂಗಾ ಸೇತುವೆ ಮೇಲೆ ಇನ್ನೂ ಚಳಿ ಇತ್ತು. ನೀರು ಕಡಿಮೆಯಾಗಿ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಹೊಳೆ ಬಸ್‌ಸ್ಟಾಪ್, ವಿದ್ಯಾನಗರ, ಎಂಆರ್‌ಎಸ್ ವೃತ್ತ ದಾಟಿ ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ. ಎದುರಿಗೆ ಒಂದು ಆಂಬುಲೆನ್ಸ್ ಬಂತು, ಮೂತಿಯ ಮೇಲೆ ಹೆಸರು ಉಲ್ಟಾ. ಮುಂದಿನ ಗಾಡಿಯವನು ತನ್ನ ಕನ್ನಡಿಯಲ್ಲಿ ನೆಟ್ಟಗೆ ಓದಲಿ ಅಂತ. ನಿನ್ನೆಯಿಂದ ಇದೇ ಧ್ಯಾನವಾಗಿದ್ದರಿಂದ ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ತಿರುಗಿಸಿ ಓದಲು ನೋಡುತ್ತಿದ್ದೆ. ತಮ್ಮ ಎಂದಿನಂತೆ ಹರಟಲಿಲ್ಲ.

ಭದ್ರಾವತಿ ಅಂದರೆ ನನಗೆ ಈಗಲೂ ಕಾರ್ಖಾನೆ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದಕ್ಕೂ ಮೊದಲು ಈ ಊರು ಬೆಂಕಿಪುರ. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಮನೆಗೆ ಬಂದರೆ ಊರಿನ ಮಾತೆಲ್ಲ ಯಾರ ಮನೆಯವರಿಗೆ ಯಾವ ಶಿಫ್ಟ್ ಅನ್ನುವುದರಲ್ಲೇ ಇರುತ್ತಿತ್ತು. ಕಾಗದದ ಕಾರ್ಖಾನೆ ಸದ್ದು ನಿಲ್ಲಿಸಿ ವರ್ಷಗಳಾದವು. ನನ್ನ ತಮ್ಮನ ವಯಸ್ಸಿನವರು ಈಗ ಶಿಫ್ಟಿನ ಬದಲು ಲೈನು ಅನ್ನುತ್ತಾರೆ. ಬೈಕು, ಫೋನು, ಬೆನ್ನಿಗೊಂದು ಬ್ಯಾಗು.

ಮೊದಲು ಬೇಕರಿ. ಒಳಗೆ ಕಾಲಿಟ್ಟ ಕೂಡಲೇ ಅರ್ಧ ಗೊತ್ತಾಗಿಹೋಯಿತು. ಬಾಗಿಲು ಗಾಜಿನದು. ಅಂಗಡಿಯ ಹೆಸರನ್ನು ಹೊರಗಿನವರಿಗೆ ಕಾಣುವಂತೆ ಗಾಜಿಗೆ ಅಂಟಿಸಿದ್ದಾರೆ, ಒಳಗಿನಿಂದ ನೋಡಿದರೆ ಅದು ಉಲ್ಟಾ. ತಮ್ಮ ಆವತ್ತು ಒಳಗೆ ನಿಂತು ಬಾಗಿಲಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದಿದ್ದ. ಮೊದಲೇ ಉಲ್ಟಾ ಇದ್ದದ್ದನ್ನು ಫೋನು ಇನ್ನೊಮ್ಮೆ ತಿರುಗಿಸಿದ್ದರಿಂದ ಗಾಜಿನ ಮೇಲಿನ ಹೆಸರು ನೆಟ್ಟಗಾಯಿತು. ಪಕ್ಕದ ಗೋಡೆಯ ಕ್ಯಾಲೆಂಡರ್ ಒಂದೇ ಸಲ ತಿರುಗಿತು, ಉಲ್ಟಾ ಆಯಿತು. ಒಂದೇ ಫೋಟೋದಲ್ಲಿ ಎರಡೂ! ನಾವೂ ಹಾಗೇ ನಿಂತು ತೆಗೆದೆವು, ತದ್ರೂಪು ಅದೇ ಬಂತು. ಬೇಕರಿಯ ಯಜಮಾನರು ಕುತೂಹಲ ತಡೆಯಲಾರದೆ ತಾವೂ ಬಂದು ನಿಂತರು. ಕಥೆ ಕೇಳಿ ನಕ್ಕು, ಎರಡು ಖಾರ ಬನ್ನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸೂಪರ್‌ವೈಸರರ ದೊಡ್ಡ ಸಾಕ್ಷಿಯೇ ಬಿದ್ದುಹೋಯಿತಲ್ಲ ಅಂತ ನನಗೆ ಹುಮ್ಮಸ್ಸು. ಉಳಿದ ಅಂಗಡಿಗಳನ್ನು ಬೇಗ ಬೇಗ ಮುಗಿಸಿದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಫೋಟೋದಲ್ಲಿ ಸರ್ಕಾರಿ ಬಸ್ಸಿನ ಬಾಗಿಲು ಬಲಕ್ಕಿತ್ತು, ಡ್ರೈವರ್ ಎಡಕ್ಕೆ ಕೂತಿದ್ದ. ಅದಕ್ಕೆ ಬೇರೆ ಪರೀಕ್ಷೆ ಬೇಡ.

"ಇನ್ನು ಆ ಹನ್ನೆರಡನೇದು. ಅದನ್ನೂ ನೋಡ್ಕೊಂಡು ಹೋಗೋಣ, ಲೆಕ್ಕ ಪೂರ್ತಿ ಆಗ್ತದೆ" ಅಂದೆ.

"ಅದು ಬೇಡ ಬಿಡಕ್ಕ. ಅದ್ರ ಬಗ್ಗೆ ಯಾರೂ ಕೇಳಿಲ್ವಲ್ಲ."

ಆಗಲೂ ನನಗೆ ಹೊಳೆಯಲಿಲ್ಲ. ಎಂಜಿನಿಯರುಗಳ ಹಾಳು ಚಟ, ಹನ್ನೊಂದು ಸರಿ ಹೊಂದಿದ ಮೇಲೆ ಹನ್ನೆರಡನೆಯದನ್ನೂ ಹೊಂದಿಸಬೇಕು. ಅಂಗಡಿ ಹತ್ತಿರವೇ ಇತ್ತು. ದಕ್ಷಿಣಕ್ಕೆ ಮುಖ ಮಾಡಿದ ಸಣ್ಣ ಕಿರಾಣಿ ಅಂಗಡಿ, ಮುಂದೆ ಒಂದು ಕರೆಂಟ್ ಕಂಬ. ಗುಂಪಿಗೆ ಆ ಫೋಟೋ ಹೋಗಿದ್ದು ಬೆಳಿಗ್ಗೆ ಹತ್ತಕ್ಕೆ. ನಾವು ನಿಂತಾಗಲೂ ಹತ್ತರ ಆಸುಪಾಸು. ಕಂಬದ ನೆರಳು ಅಂಗಡಿಯ ಎಡಕ್ಕೆ ವಾಲಿ ಬಿದ್ದಿತ್ತು. ಜನವರಿಯ ಬೆಳಗಿನ ಸೂರ್ಯ ಆಗ್ನೇಯದಲ್ಲಿರುವಾಗ ಹಾಗೇ ಬೀಳಬೇಕು. ಫೋಟೋದಲ್ಲಿ ಅದು ಬಲಕ್ಕಿತ್ತು. ಕನ್ನಡಿಯಾಗಿದ್ದರೆ ಒಪ್ಪಬಹುದಿತ್ತು, ಆದರೆ ಇದರಲ್ಲಿ ಬೋರ್ಡ್ ನೆಟ್ಟಗಿದೆ. ಬೋರ್ಡ್ ನೆಟ್ಟಗಿದ್ದು ನೆರಳು ಬಲಕ್ಕೆ ಬೀಳುವುದು ಸಂಜೆ ಮಾತ್ರ. ಪಕ್ಕದ ಮನೆಯ ಕಡೆ ನೋಡಿದೆ. ಆಕಾಶಬುಟ್ಟಿ ಇರಲಿಲ್ಲ. ಫೋಟೋ ಮತ್ತೆ ತೆಗೆದು ನೋಡಿದೆ. ಮೂಲೆಯಲ್ಲಿ ತಾರೀಖೂ ಇಲ್ಲ, ಕೆಳಗಿನ ಅಂಚನ್ನು ಕತ್ತರಿಸಿದೆ.

ಅವನ ಫೋನು ಎಲ್ಲವನ್ನೂ ಉಲ್ಟಾ ಉಳಿಸುತ್ತದೆ. ಹಾಗಿದ್ದ ಮೇಲೆ ಇದೊಂದು ನೆಟ್ಟಗೆ ಹೇಗೆ ಬಂತು?

ತಮ್ಮ ಬೈಕಿನ ಕನ್ನಡಿ ಒರೆಸುತ್ತಾ ನಿಂತಿದ್ದ.

ಅಲ್ಲಿ ಏನೂ ಕೇಳಲಿಲ್ಲ. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗೋಣ ಅಂದೆ. ಹದಿಮೂರನೇ ಶತಮಾನದ ಹೊಯ್ಸಳರ ಗುಡಿ, ಮೂರು ಗರ್ಭಗುಡಿಯ ತ್ರಿಕೂಟ. ಬೇಲೂರು, ಹಳೇಬೀಡಿನ ಗದ್ದಲವಿಲ್ಲ. ನಕ್ಷತ್ರದಾಕಾರದ ಜಗತಿಯ ಮೇಲೆ ನೆರಳು ಹುಡುಕಿ ಕೂತರೆ ಯಾರೂ ಎಬ್ಬಿಸುವುದಿಲ್ಲ. ಅಲ್ಲಿ ಕೂತು ಅವನೇ ಹೇಳಿದ. ಆವತ್ತು ಬೆಳಿಗ್ಗೆ ಚಿಕ್ಕಪ್ಪ ಬಚ್ಚಲಲ್ಲಿ ತಲೆಸುತ್ತಿ ಬಿದ್ದರಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೂತಲ್ಲೇ ಕೂತ. ರಜೆ ಕೇಳಿದರೆ ಸಂಬಳ ಕಟ್, ಅದೂ ಹೊಸ ಸೂಪರ್‌ವೈಸರ್. ನವೆಂಬರಿನಲ್ಲಿ ತೆಗೆದ ಹಳೆಯ ಸೆಲ್ಫಿಯೊಂದನ್ನು ಹುಡುಕಿ, ಹಿಂದೆ ಕಳಿಸಿದ್ದೇ ಅಂತ ಗೊತ್ತಾಗಬಾರದೆಂದು ಎಡ ಬಲ ತಿರುಗಿಸಿ, ತಾರೀಖು ಕತ್ತರಿಸಿ, ಆಸ್ಪತ್ರೆಯ ಬೆಂಚಿನಿಂದಲೇ ಕಳಿಸಿದ. ಉಲ್ಟಾ ಇದ್ದದ್ದನ್ನು ತಿರುಗಿಸಿದ್ದರಿಂದ ನೆಟ್ಟಗಾಯಿತು.

"ತಮಾಷೆ ನೋಡಕ್ಕ, ಅವ್ರು ನಂಬಿದ್ದು ಅದೊಂದನ್ನೇ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ಅವನ ಮೇಲೋ, ತಂದೆ ಆಸ್ಪತ್ರೆಯಲ್ಲಿರುವಾಗಲೂ ಸೆಲ್ಫಿ ಕಳಿಸಬೇಕಾದ ಹಾಜರಿಯ ಮೇಲೋ ಹೇಳಲಾರೆ. ಚಿಕ್ಕಮ್ಮ ಫೋನಿನಲ್ಲಿ ಚಿಕ್ಕಪ್ಪನ ವಿಷಯವನ್ನೇ ಎತ್ತಿರಲಿಲ್ಲ. ಹಬ್ಬದ ದಿನ ಯಾಕೆ ಅಂತ ಇರಬೇಕು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡದೆ ಗೋಡೆಯ ಶಿಲ್ಪ ನೋಡುತ್ತಾ ಸುತ್ತಿದೆವು. ವಿಷ್ಣುವಿಗೆ ಕೇಶವ, ನಾರಾಯಣ, ಮಾಧವ ಅಂತ ಇಪ್ಪತ್ತನಾಲ್ಕು ರೂಪ. ನಾಲ್ಕು ಕೈಗಳ ಶಂಖ, ಚಕ್ರ, ಗದೆ, ಪದ್ಮ ಯಾವುದು ಯಾವ ಕೈಯಲ್ಲಿ ಅನ್ನುವುದರ ಮೇಲೆಯೇ ಹೆಸರು. ಅಂಥ ಮೂರ್ತಿಯ ಫೋಟೋವನ್ನು ಕನ್ನಡಿ ಮಾಡಿದರೆ ಬಲಗೈಯದು ಎಡಕ್ಕೆ ಹೋಗಿ ದೇವರ ಹೆಸರೇ ಬದಲಾಗಿಬಿಡುತ್ತದೆ. ಅಲ್ಲಿ ಅಕ್ಷರವೇ ಇರುವುದಿಲ್ಲ, ಉಲ್ಟಾ ಆಗಿದೆ ಅಂತ ಯಾರೂ ಹೇಳಲಾರರು. ತಮ್ಮನಿಗೆ ಇದನ್ನು ಹೇಳಿದೆ. ಅವನು ಮೂರ್ತಿಯನ್ನು ನೋಡುತ್ತಾ, "ಪತ್ರದಲ್ಲಿ ಅದನ್ನೂ ಬರಿಯಕ್ಕ" ಅಂದ. ಮೂರ್ತಿಯ ವಿಷಯವನ್ನಲ್ಲ, ಹನ್ನೆರಡನೆಯ ಫೋಟೋವನ್ನು.

ಅದನ್ನು ಬಿಟ್ಟುಬಿಡುವ ಆಸೆ ನನಗಿತ್ತು, ಮುಚ್ಚಿಡುವುದಿಲ್ಲ. ಕೇಳಿದ್ದು ಹನ್ನೊಂದರ ಬಗ್ಗೆ, ಹನ್ನೊಂದೂ ನಿಜ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆದು ಇದ್ದ ಕೆಲಸ ಕಳೆದುಕೊಂಡರೆ? ಆದರೆ 'ಈ ಫೋನು ಯಾವಾಗಲೂ ಉಲ್ಟಾ ಉಳಿಸುತ್ತದೆ' ಅಂತ ನಾನು ಬರೆಯುವ ಒಂದೇ ಸಾಲು ಸಾಕಿತ್ತು. ಗಮನವಿಟ್ಟು ಓದುವ ಯಾರಾದರೂ ಹಾಗಾದರೆ ಇದೊಂದು ಯಾಕೆ ನೆಟ್ಟಗಿದೆ ಅಂತ ಕೇಳಿಯೇ ಕೇಳುತ್ತಾರೆ. ನಾನು ಕೊಡುವ ಸಾಕ್ಷಿಯೇ ಅವನನ್ನು ಹಿಡಿದುಕೊಡುತ್ತಿತ್ತು.

ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿ, ಚಿಕ್ಕಪ್ಪನನ್ನು ಮಾತಾಡಿಸಿ (ಸಕ್ಕರೆ ಕಾಯಿಲೆಯವರು, ಆವತ್ತು ತಿಂಡಿ ತಿನ್ನದೆ ಮಾತ್ರೆ ನುಂಗಿದ್ದರಂತೆ), ಅಲ್ಲೇ ಕೂತು ಪತ್ರ ಬರೆದೆವು. ಗಾಂಧಿ ಬಜಾರಿನ ಮೂರು ಫೋಟೋ, ಬೇಕರಿಯ ಎರಡು, ಬಸ್ಸಿನದೊಂದು. ಮೂಲ ಕಡತಗಳನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದೆವು, ಟಿಪ್ಪಣಿಗಳು ಉಳಿಯಲಿ ಎಂದು. ಹನ್ನೊಂದರ ವಿವರಣೆ ನನ್ನದು. ಹನ್ನೆರಡನೆಯದರ ನಾಲ್ಕು ಸಾಲನ್ನು ತಮ್ಮನೇ ಬರೆದ. ಆಸ್ಪತ್ರೆಯ ಚೀಟಿಯ ಫೋಟೋ ಜೊತೆಗಿಟ್ಟ.

ಬುಧವಾರ ಉತ್ತರ ಬಂತು. ಮೂರು ದಿನದ ಸಂಬಳ ಬಿಟ್ಟರು, ಆವತ್ತಿನದು ಕಟ್, ಜೊತೆಗೊಂದು ಎಚ್ಚರಿಕೆ. ಇನ್ನು ಮೇಲೆ ಎಲ್ಲರೂ ಆ ಕನ್ನಡಿ ಆಯ್ಕೆ ತೆಗೆದೇ ಸೆಲ್ಫಿ ಕಳಿಸಬೇಕು ಅಂತ ಗುಂಪಿನಲ್ಲಿ ಹೊಸ ನಿಯಮ ಬಂತಂತೆ. ತಂದೆ ಆಸ್ಪತ್ರೆ ಸೇರಿದರೆ ಏನು ಮಾಡಬೇಕು ಅನ್ನುವುದರ ಬಗ್ಗೆ ನಿಯಮ ಬರಲಿಲ್ಲ.

ಆ ಆಯ್ಕೆಯನ್ನು ಭದ್ರಾವತಿಯಲ್ಲೇ ನಾನೇ ತೆಗೆದಿದ್ದೆ. ಸಂಜೆ ರೈಲಿಗೆ ನನ್ನನ್ನು ಬಿಡಲು ಚಿಕ್ಕಮ್ಮನೂ ಅವನೂ ಸ್ಟೇಷನ್ನಿಗೆ ಬಂದಾಗ ಹಳದಿ ಬೋರ್ಡಿನ ಮುಂದೆ ಮೂವರೂ ನಿಂತು ಒಂದು ತೆಗೆದೆವು. ಭದ್ರಾವತಿ ಅನ್ನುವುದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ನೆಟ್ಟಗೆ ಬಂತು, ಚಿಕ್ಕಮ್ಮನ ಮೂಗುಬೊಟ್ಟು ಇರಬೇಕಾದ ಕಡೆಯೇ ಇತ್ತು. ತಮ್ಮನಿಗೆ ಮಾತ್ರ ಸಮಾಧಾನವಿಲ್ಲ.

"ನೋಡಕ್ಕ, ಇದಕ್ಕೇ ನಾನು ಅದನ್ನ ಹಾಕ್ಕೊಂಡಿದ್ದು. ಇದ್ರಲ್ಲಿ ನನ್ ಮುಖ ಸೊಟ್ಟ ಕಾಣ್ತದೆ."

ಚಿಕ್ಕಮ್ಮ ಫೋನು ಇಸಿದುಕೊಂಡು, ದೂರ ಹಿಡಿದು ನೋಡಿದರು.

"ಎಲ್ಲಿ ಸೊಟ್ಟ? ನೀನು ಇರೋದೇ ಹಂಗೆ ಕಣೋ."